ಗೇನ್ ಇಳಿಸಿ, ಮಿಡ್ಲ್ ಏರಿಸಿ: ಬ್ರಿಟಿಷ್ ರಾಕ್ ಗಿಟಾರಿನ ನಾದ ಹುಟ್ಟಿದ ಬಗೆ

1966ರಲ್ಲಿ ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ತಂಡ ಆಲ್ಬಮ್ ಮುದ್ರಿಸಲೆಂದು ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಡೆಕ್ಕಾ ಸ್ಟುಡಿಯೊಗೆ ಹೋಯಿತು. ಗಿಟಾರ್ ಹಿಡಿದಿದ್ದವರು ಎರಿಕ್ ಕ್ಲಾಪ್ಟನ್. ಇನ್ನೂ ಇಪ್ಪತ್ತೊಂದರ ಆಸುಪಾಸಿನ ಹುಡುಗ. ಆ ಕಾಲದ ಸ್ಟುಡಿಯೊಗಳಲ್ಲಿ ಆಂಪ್ಲಿಫೈಯರನ್ನು ಸಣ್ಣ ದನಿಗೆ ಇಳಿಸಿ, ಮೈಕನ್ನು ಸ್ಪೀಕರಿನ ಮುಂದೆಯೇ ನಿಲ್ಲಿಸಿ ಮುದ್ರಿಸಿಕೊಳ್ಳುವುದು ವಾಡಿಕೆ. ಕ್ಲಾಪ್ಟನ್ ಒಪ್ಪಲಿಲ್ಲ. ವೇದಿಕೆಯ ಮೇಲೆ ಎಷ್ಟು ಜೋರಾಗಿ ನುಡಿಸುತ್ತೇನೋ ಇಲ್ಲೂ ಅಷ್ಟೇ ಜೋರು ಇರಬೇಕೆಂದು ಪಟ್ಟು ಹಿಡಿದರು. ಎಂಜಿನಿಯರ್ ಗಸ್ ಡಡ್ಜನ್ ಅವರಿಗೆ ಇದು ತಲೆನೋವಾಯಿತು, ಏಕೆಂದರೆ ಗಿಟಾರಿನ ದನಿ ಡ್ರಮ್ಸಿನ ಮೈಕಿಗೂ ನುಗ್ಗುತ್ತಿತ್ತು. ನಿರ್ಮಾಪಕ ಮೈಕ್ ವರ್ನನ್ ಕೊನೆಗೆ ಕ್ಲಾಪ್ಟನ್ ಕಡೆಗೇ ವಾಲಿದರು. ಗಿಬ್ಸನ್ ಲೆಸ್ ಪಾಲ್ ಗಿಟಾರು, ಅದರ ಹಿಂದೆ ಎರಡು 12 ಇಂಚಿನ ಸ್ಪೀಕರ್ ಹೊತ್ತ ಮಾರ್ಷಲ್ ಕಾಂಬೊ ಆಂಪ್, ಏರಿಸಿಟ್ಟ ವಾಲ್ಯೂಮ್. ಅಲ್ಲಿ ಹೊರಟ ದಪ್ಪನೆಯ, ಎಳೆದಷ್ಟೂ ಎಳೆಯುವ, ಅಂಚಿನಲ್ಲಿ ಮಾತ್ರ ಸ್ವಲ್ಪ ಹರಿದಂತಿರುವ ನಾದವನ್ನು ಆ ಮೊದಲು ಯಾವ ರೆಕಾರ್ಡಿನಲ್ಲೂ ಯಾರೂ ಅಷ್ಟು ನಿಚ್ಚಳವಾಗಿ ಕೇಳಿರಲಿಲ್ಲ.

ಆ ನಾದ ಬೇಕೆಂದು ಗಿಟಾರ್ ಕೈಗೆತ್ತಿಕೊಂಡವರು ಮೊದಲು ಕೇಳುವ ಪ್ರಶ್ನೆ, ‘ಸೆಟ್ಟಿಂಗ್ ಏನು?’ ಬೇಸ್ ಎಷ್ಟಕ್ಕೆ, ಮಿಡ್ಲ್ ಎಷ್ಟಕ್ಕೆ, ಟ್ರೆಬಲ್ ಎಷ್ಟಕ್ಕೆ? ಅಂಕಿಗಳನ್ನು ಮುಂದೆ ನಾನೂ ಕೊಡುತ್ತೇನೆ. ಆದರೆ ಆ ಅಂಕಿ ಯಾಕೆ ಅಲ್ಲಿದೆ ಎಂಬುದು ಗೊತ್ತಿಲ್ಲದೆ ನಾಬ್ ತಿರುಗಿಸಿದರೆ ಬಹುಪಾಲು ಸಲ ಹೊರಡುವುದು ಕೀರಲು ದನಿಯೇ. ಅರವತ್ತು, ಎಪ್ಪತ್ತರ ದಶಕದ ಬ್ರಿಟಿಷ್ ನಾದದಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಡಿಸ್ಟಾರ್ಶನ್ ತೀರಾ ಕಡಿಮೆ, ಮಧ್ಯದ ಸ್ವರಭಾಗ ತುಂಬಾ ಹೆಚ್ಚು. ನಾದ ಒಡೆಯುವ ಜಾಗವೂ ಬೇರೆ. ಆಂಪಿನ ಮುಂದಿನ ಪುಟ್ಟ ವಾಲ್ವಿನಲ್ಲಷ್ಟೇ ಅದು ಒಡೆಯುವುದಿಲ್ಲ. ಹಿಂದಿನ ದೊಡ್ಡ ಪವರ್ ವಾಲ್ವು, ಟ್ರಾನ್ಸ್‌ಫಾರ್ಮರು, ಸ್ಪೀಕರಿನ ಕಾಗದ ಎಲ್ಲವೂ ಸೇರಿ ಒಡೆಯುತ್ತವೆ. ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಕಿವಿಯ ಕೆಲಸ.

ಕ್ಲಾಪ್ಟನ್ ನುಡಿಸಿದ ಆ ಆಂಪಿಗೆ ಹೆಸರು ಕೊಟ್ಟ ಜಿಮ್ ಮಾರ್ಷಲ್ ಡ್ರಮ್ಸ್ ಮೇಷ್ಟ್ರು. 1960ರಲ್ಲಿ ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ, ಅಕ್ಸ್‌ಬ್ರಿಜ್ ರಸ್ತೆಯ ಮೇಲೆ ಅಂಗಡಿ ತೆರೆದರು. ಡ್ರಮ್ಸ್ ಕೊಳ್ಳಲು ಬಂದವರ ಹಿಂದೆ ಅವರವರ ತಂಡದ ಗಿಟಾರ್ ಹುಡುಗರೂ ಬಂದರು. ದ ಹೂ ತಂಡದ ಪೀಟ್ ಟೌನ್ಶೆಂಡ್, ರಿಚಿ ಬ್ಲ್ಯಾಕ್‌ಮೋರ್ ಅವರಲ್ಲಿದ್ದರು. ಇವರಿಗೆಲ್ಲ ಬೇಕಿದ್ದದ್ದು ಅಮೆರಿಕದ ಫೆಂಡರ್ ಆಂಪ್. ಆದರೆ ಅದು ಸಮುದ್ರ ದಾಟಿ, ಸುಂಕ ತೆತ್ತು ಲಂಡನ್ ತಲುಪುವಷ್ಟರಲ್ಲಿ ಬೆಲೆ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ 1962ರಲ್ಲಿ ಅಂಗಡಿಯ ರಿಪೇರಿ ನೋಡಿಕೊಳ್ಳುತ್ತಿದ್ದ ಕೆನ್ ಬ್ರಾನ್, ಇಎಂಐ ಕಂಪನಿಯಲ್ಲಿ ಕೆಲಸ ಕಲಿಯುತ್ತಿದ್ದ ಡಡ್ಲಿ ಕ್ರೇವನ್ ಎಂಬ ಹದಿಹರೆಯದ ಹುಡುಗ ಸೇರಿ ಫೆಂಡರ್ ಬೇಸ್‌ಮನ್ ಆಂಪಿನ ಸರ್ಕ್ಯೂಟನ್ನೇ ಮಾದರಿಯಾಗಿಟ್ಟುಕೊಂಡು ಒಂದು ಆಂಪ್ ಕಟ್ಟಿದರು. ಹೆಸರು ಜೆಟಿಎಂ45. ಜಿಮ್, ಅವರ ಮಗ ಟೆರಿ, ಮಾರ್ಷಲ್: ಮೂರರ ಮೊದಲ ಅಕ್ಷರಗಳು.

ಸರ್ಕ್ಯೂಟ್ ಹೆಚ್ಚುಕಡಿಮೆ ನಕಲೇ. ನಾದ ಮಾತ್ರ ಬೇರೆಯಾಯಿತು, ಏಕೆಂದರೆ ಬಳಸಿದ್ದು ಇಂಗ್ಲೆಂಡಿನಲ್ಲಿ ಸುಲಭವಾಗಿ ಸಿಗುತ್ತಿದ್ದ ಬಿಡಿಭಾಗ. ಮೊದಲ ವಾಲ್ವಿನ ಜಾಗದಲ್ಲಿ ಫೆಂಡರ್ ಇಟ್ಟಿದ್ದಕ್ಕಿಂತ ಹೆಚ್ಚು ಗೇನ್ ಕೊಡುವ ಇಸಿಸಿ83 ಬಂತು. ಫೆಂಡರಿನಲ್ಲಿ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ನಾಲ್ಕು 10 ಇಂಚಿನ ಸ್ಪೀಕರ್ ಇದ್ದವು. ಇಲ್ಲಿ ಹಿಂಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು 12 ಇಂಚಿನ ಸೆಲೆಶನ್ ಸ್ಪೀಕರ್. ಪವರ್ ವಾಲ್ವು ಮೊದಲು 5881, ಆಮೇಲೆ ಕೆಟಿ66. ಅರವತ್ತರ ದಶಕದ ದ್ವಿತೀಯಾರ್ಧದಲ್ಲಿ ಇಎಲ್34 ಬಂದಮೇಲೆ ಆ ಗರ್ಜನೆಗೆ ಇನ್ನಷ್ಟು ಹಲ್ಲು ಮೂಡಿತು. ಮುಚ್ಚಿದ ಪೆಟ್ಟಿಗೆಯಿಂದ ಬೇಸ್ ಬಿಗಿಯಾಯಿತು, ಸೆಲೆಶನ್ ಸ್ಪೀಕರಿನಿಂದ ಮಧ್ಯದ ಸ್ವರಗಳು ಮುಂದೆ ಬಂದವು. ‘ಬ್ರಿಟಿಷ್ ಸೌಂಡ್’ ಎಂದು ಇವತ್ತು ಕರೆಯುವುದರಲ್ಲಿ ಅರ್ಧ ಪಾಲು ಈ ಸ್ಪೀಕರ್ ಪೆಟ್ಟಿಗೆಯದ್ದು ಎಂದೇ ನನ್ನ ಅಭಿಪ್ರಾಯ. ಆಂಪ್ ಬದಲಿಸಿದಾಗ ಆಗುವ ವ್ಯತ್ಯಾಸಕ್ಕಿಂತ ಸ್ಪೀಕರ್ ಬದಲಿಸಿದಾಗ ಆಗುವುದು ದೊಡ್ಡದು, ಆದರೂ ಜನ ಆಂಪಿನ ಮುಂದೆಯೇ ಗಂಟೆಗಟ್ಟಲೆ ಕೂರುತ್ತಾರೆ.

ಕರ್ನಾಟಕಕ್ಕೂ ಈ ವಾಲ್ವುಗಳಿಗೂ ನಂಟಿದೆ. ನಮ್ಮ ಜಾಲಹಳ್ಳಿಯ ಬಿಇಎಲ್ ಒಂದು ಕಾಲಕ್ಕೆ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಬಿಇಎಲ್ ಮುದ್ರೆಯ ಹಳೆಯ ಇಎಲ್84, ಇಸಿಸಿ83 ವಾಲ್ವುಗಳನ್ನು ವಿದೇಶದ ಗಿಟಾರ್ ವಾದಕರು ಇಂದಿಗೂ ಹುಡುಕಿ ಕೊಳ್ಳುತ್ತಾರೆ. ಮನೆಯ ಹಳೇ ರೇಡಿಯೊದೊಳಗೆ ಮಿಣುಕುತ್ತಿದ್ದ ಗಾಜಿನ ಬುರುಡೆಯೂ ಮುಂದೆ ಹೇಳಲಿರುವ ವೋಕ್ಸ್ ಎಂಬ ಆಂಪಿನ ಬುರುಡೆಯೂ ಒಂದೇ ಕುಲದವು.

ವಾಲ್ವು ಒಡೆಯುವುದು ಅಂದರೇನು? ತಂತಿಯ ಕಂಪನ ವಿದ್ಯುತ್ ಅಲೆಯಾಗಿ ಆಂಪಿಗೆ ಬರುತ್ತದೆ. ವಾಲ್ವು ಅದನ್ನು ಹಿಗ್ಗಿಸುತ್ತದೆ. ತನ್ನ ಮಿತಿಗಿಂತ ಹೆಚ್ಚು ಹಿಗ್ಗಿಸಲು ಹೇಳಿದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ನೆತ್ತಿ ಚಪ್ಪಟೆಯಾದ ಅಲೆಯಲ್ಲಿ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನದ ಉಪಸ್ವರಗಳೂ ಹುಟ್ಟಿಕೊಳ್ಳುತ್ತವೆ. ಒಂದೇ ತಂತಿ ಮೀಟಿದಾಗ ಇಷ್ಟೇ. ಎರಡು ತಂತಿ ಒಟ್ಟಿಗೆ ಮೀಟಿದರೆ ಅವೆರಡರ ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ, ರಾಕ್ ಸಂಗೀತದ ವ್ಯಾಕರಣವೇ ಇಲ್ಲಿಂದ ಶುರು.

ಗಿಟಾರಿನ ಐದನೇ ತಂತಿಯನ್ನು ಖಾಲಿ ಮೀಟಿದರೆ 110 ಹರ್ಟ್ಸ್. ಅದನ್ನು ಷಡ್ಜ ಎಂದುಕೊಳ್ಳಿ. ಅದರ ಪಂಚಮ ಸುಮಾರು 165. ಎರಡನ್ನೂ ಒಟ್ಟಿಗೆ ನುಡಿಸಿ ಆಂಪನ್ನು ಒಡೆಸಿದರೆ ವ್ಯತ್ಯಾಸವಾದ 55 ಹರ್ಟ್ಸ್ ಕೂಡ ಕೇಳಿಸುತ್ತದೆ. 55 ಅಂದರೆ ಅದೇ ಷಡ್ಜದ ಮಂದ್ರ. ಯಾರೂ ಮೀಟದ ಮಂದ್ರ ಷಡ್ಜವೊಂದು ತಾನಾಗಿ ಬಂದು ಕೂರುತ್ತದೆ; ರಾಕ್‌ನವರು ‘ಪವರ್ ಕಾರ್ಡ್’ ಎನ್ನುವುದು ಈ ಸ-ಪ ಜೋಡಿಯನ್ನೇ. ಈಗ ನಡುವೆ ಅಂತರ ಗಾಂಧಾರ ಸೇರಿಸಿ. ಶುದ್ಧ ಶ್ರುತಿಯಲ್ಲಿ ಅದು 137.5 ಹರ್ಟ್ಸ್. ಗಿಟಾರಿನ ಮೆಟ್ಟಿಲಿನಲ್ಲಿ ಸಿಗುವುದು 138.6. ಷಡ್ಜಕ್ಕೂ ಗಾಂಧಾರಕ್ಕೂ ವ್ಯತ್ಯಾಸ 28.6, ಗಾಂಧಾರಕ್ಕೂ ಪಂಚಮಕ್ಕೂ 26.2. ಹತ್ತಿರ ಹತ್ತಿರವಿದ್ದೂ ಹೊಂದದ ಈ ಎರಡು ಕೆಳಸ್ವರಗಳು ಒಂದನ್ನೊಂದು ಗುದ್ದಿ ಗುರ್ ಗುರ್ ಎನ್ನುತ್ತವೆ. ಆದ್ದರಿಂದ ಗೇನ್ ಹೆಚ್ಚಿದಷ್ಟೂ ಗಾಂಧಾರ ಇರುವ ಕಾರ್ಡ್ ಕೆಸರಾಗುತ್ತದೆ. ಟೌನ್ಶೆಂಡ್ ಅವರ ಪೂರ್ತಿ ಆರು ತಂತಿಯ ಕಾರ್ಡ್‌ಗಳು ಒಂದೊಂದು ಸ್ವರವೂ ಬಿಡಿಸಿ ಕೇಳುವಷ್ಟು ಸ್ಪಷ್ಟವಾಗಿವೆ ಅಂದರೆ, ಆ ಆಂಪಿನಲ್ಲಿ ಗೇನ್ ಎಷ್ಟು ಮಿತವಾಗಿರಬೇಕು ಲೆಕ್ಕ ಹಾಕಿ. ನಿಮ್ಮ ಸೆಟ್ಟಿಂಗ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ: ಪೂರ್ತಿ ಮೇಜರ್ ಕಾರ್ಡ್ ನುಡಿಸಿ, ಗಾಂಧಾರ ಬೇರೆಯಾಗಿ ಕೇಳದಿದ್ದರೆ ಗೇನ್ ಇಳಿಸಿ.

ಇನ್ನು ನಾಬ್‌ಗಳ ವಿಷಯ. ಮಾರ್ಷಲ್‌ನ 1959 ಸೂಪರ್ ಲೀಡ್, ಅಂದರೆ ಅಭಿಮಾನಿಗಳ ಬಾಯಲ್ಲಿ ‘ಪ್ಲೆಕ್ಸಿ’, ಇಲ್ಲಿ ನಮಗೆ ಮಾದರಿ. ಇಲ್ಲಿ 1959 ಎಂಬುದು ಮಾಡೆಲ್ ಸಂಖ್ಯೆ, ಇಸವಿಯಲ್ಲ. 100 ವಾಟಿನ ಆ ಆಂಪ್ ಬಂದದ್ದು 1965ರಲ್ಲಿ. ಕ್ಲಾಪ್ಟನ್ ಡೆಕ್ಕಾದಲ್ಲಿ ಬಳಸಿದ ಕಾಂಬೊದ ಮಾಡೆಲ್ ಸಂಖ್ಯೆ 1962, ಅದೂ ಇಸವಿಯಲ್ಲ. ಇವತ್ತಿನ ಸಾಫ್ಟ್‌ವೇರ್ ಆಂಪ್‌ಗಳಲ್ಲೂ ಇದೇ ಸಂಖ್ಯೆಗಳು ಕಾಣಿಸುವುದರಿಂದ ಹೊಸಬರು ಮೋಸಹೋಗುತ್ತಾರೆ. ಪ್ಲೆಕ್ಸಿಯ ಮುಂಭಾಗದಲ್ಲಿ ಆರೇ ನಾಬ್: ಪ್ರೆಸೆನ್ಸ್, ಬೇಸ್, ಮಿಡ್ಲ್, ಟ್ರೆಬಲ್, ಎರಡು ವಾಲ್ಯೂಮ್. ಗೇನ್ ಎಂಬ ನಾಬೇ ಇಲ್ಲ, ಮಾಸ್ಟರ್ ವಾಲ್ಯೂಮ್ ಮಾರ್ಷಲ್‌ಗೆ ಬಂದದ್ದು 1975ರಲ್ಲಿ. ನಾದ ಒಡೆಯಬೇಕಾದರೆ ಜೋರು ಮಾಡಲೇಬೇಕು, ಬೇರೆ ದಾರಿಯಿಲ್ಲ.

ಬೇಸ್, ಮಿಡ್ಲ್, ಟ್ರೆಬಲ್ ಮೂರೂ ಒಂದೇ ಜಾಲದ ಭಾಗ. ಆ ಜಾಲ ಯಾವುದನ್ನೂ ಹೆಚ್ಚಿಸಲಾರದು, ಕಡಿಮೆ ಮಾಡಬಲ್ಲದು ಅಷ್ಟೇ. 10 ಅಂದರೆ ‘ಕಡಿಯಬೇಡ’, 0 ಅಂದರೆ ‘ಪೂರ್ತಿ ಕಡಿ’. ಮೂರನ್ನೂ ಸೊನ್ನೆಗೆ ತಂದರೆ ಆಂಪ್ ಬಹುತೇಕ ಮೌನವಾಗುತ್ತದೆ. ಹಾಗಾಗಿ ಎಲ್ಲವನ್ನೂ 5ಕ್ಕೆ ಇಟ್ಟರೆ ಸಮತೋಲ ಎಂದುಕೊಳ್ಳುವುದು ತಪ್ಪು. ಎಲ್ಲ 5ರಲ್ಲಿದ್ದಾಗ ಮಧ್ಯದಲ್ಲಿ ಒಂದು ತಗ್ಗು ಇದ್ದೇ ಇರುತ್ತದೆ, ಅದು ಸರ್ಕ್ಯೂಟಿನ ಹುಟ್ಟುಗುಣ. ಒಂದು ನಾಬ್ ಮುಟ್ಟಿದರೆ ಇನ್ನೊಂದರ ಕೆಲಸವೂ ಬದಲಾಗುತ್ತದೆ. ಟ್ರೆಬಲ್ ಪೂರ್ತಿ ಏರಿಸಿದಾಗ ಬೇಸ್ ನಾಬ್ ತಿರುಗಿಸಿದರೆ ಹೆಚ್ಚೇನೂ ಆಗದು, ಟ್ರೆಬಲ್ ಇಳಿಸಿದಾಗ ಅದೇ ಬೇಸ್ ನಾಬ್ ಚುರುಕಾಗುತ್ತದೆ. ಪ್ರೆಸೆನ್ಸ್ ಇರುವುದು ಈ ಜಾಲದಲ್ಲಲ್ಲ, ಹಿಂದೆ ಪವರ್ ವಾಲ್ವುಗಳ ಬಳಿ. ಅವು ಪೂರ್ತಿ ಒಡೆಯತೊಡಗಿದ ಮೇಲೆ ಅದರ ಪ್ರಭಾವ ಕುಗ್ಗುತ್ತದೆ.

ಮೊದಲ ವಾಲ್ಯೂಮ್ ನಾಬಿಗೆ ಅಡ್ಡಲಾಗಿ ಒಂದು ಪುಟ್ಟ ಕೆಪಾಸಿಟರ್ ಬೆಸುಗೆ ಹಾಕಿದ್ದಾರೆ. ವಾಲ್ಯೂಮ್ ತಗ್ಗಿಸಿದಾಗ ಉಳಿದ ಸ್ವರಗಳು ಕುಗ್ಗಿದರೂ ಟ್ರೆಬಲ್ ಮಾತ್ರ ಈ ಕೆಪಾಸಿಟರ್ ದಾರಿ ಹಿಡಿದು ನುಸುಳಿಕೊಳ್ಳುತ್ತದೆ. ವಾಲ್ಯೂಮ್ 2ರಲ್ಲಿದ್ದಾಗ ಪ್ಲೆಕ್ಸಿ ಕಿವಿ ಕೊರೆಯುವುದು ಇದರಿಂದಲೇ. 8 ದಾಟಿದರೆ ನಾಬಿನ ಅಡ್ಡಿಯೇ ಇಲ್ಲವಾಗುವುದರಿಂದ ಕೆಪಾಸಿಟರಿಗೆ ಕೆಲಸವಿಲ್ಲ, ನಾದ ತುಂಬಿಕೊಳ್ಳುತ್ತದೆ. ಅಂದರೆ ಅಂದಿನ ವಾದಕರ ಟ್ರೆಬಲ್ ಅಂಕಿಯನ್ನು ಹಾಗೇ ಎತ್ತಿಕೊಂಡು ಸಣ್ಣ ವಾಲ್ಯೂಮಿನಲ್ಲಿ ನುಡಿಸಿದರೆ ಆ ನಾದ ಬರುವ ಸಾಧ್ಯತೆಯೇ ಇಲ್ಲ. ತಗ್ಗಿದ ವಾಲ್ಯೂಮಿನಲ್ಲಿ ಟ್ರೆಬಲ್ ಮತ್ತು ಪ್ರೆಸೆನ್ಸ್ ಎರಡನ್ನೂ ಅರ್ಧಕ್ಕರ್ಧ ಇಳಿಸಿಯೇ ಆರಂಭಿಸಬೇಕು.

ಪ್ಲೆಕ್ಸಿಗೆ ಎರಡು ಚಾನೆಲ್, ನಾಲ್ಕು ಇನ್‌ಪುಟ್. ಒಂದು ಚಾನೆಲ್ ಚುರುಕು, ಇನ್ನೊಂದು ಮಂದ. ಒಂದು ಗೇಣಿನ ಕೇಬಲ್ಲಿನಿಂದ ಎರಡನ್ನೂ ಜೋಡಿಸಿ ಬಳಸುವುದು ಹಳೆಯ ರೂಢಿ. ಹಾಗೆ ಜೋಡಿಸಿದಾಗ ನನ್ನ ಕಿವಿಗೆ ಒಪ್ಪಿದ್ದು ಇದು: ಚುರುಕು ಚಾನೆಲ್ಲಿನ ವಾಲ್ಯೂಮ್ 7, ಮಂದ ಚಾನೆಲ್ಲಿನದು 4, ಬೇಸ್ 2ರಿಂದ 3, ಮಿಡ್ಲ್ 7ರಿಂದ 8, ಟ್ರೆಬಲ್ 5, ಪ್ರೆಸೆನ್ಸ್ 3. ಬೇಸ್ ಇಷ್ಟು ಕಡಿಮೆಯೇ ಎಂದು ಅನುಮಾನ ಬರಬಹುದು. ಒಡೆಯುತ್ತಿರುವ ಆಂಪಿಗೆ ಹೆಚ್ಚು ಬೇಸ್ ಉಣಿಸಿದರೆ ತಂತಿಯ ಮೇಲಿನ ಪೆಟ್ಟು ಸ್ಪಷ್ಟವಾಗಿ ಕೇಳದೆ ಮೆತ್ತಗಾಗುತ್ತದೆ. ಬೇಕಾದ ಬೇಸ್ ಆ ನಾಲ್ಕು ಸ್ಪೀಕರಿನ ಮುಚ್ಚಿದ ಪೆಟ್ಟಿಗೆ ಕೊಡುತ್ತದೆ. ಫ್ರೀ ತಂಡದ ಪಾಲ್ ಕೊಸಾಫ್, ಲೆಡ್ ಝೆಪೆಲಿನ್‌ನ ಜಿಮ್ಮಿ ಪೇಜ್ ವೇದಿಕೆಯ ಮೇಲೆ ನುಡಿಸಿದ ರೀತಿಯ ನಾದಕ್ಕೆ ಇಲ್ಲಿಂದ ಹೊರಡಬಹುದು. ಡೆಕ್ಕಾದ ಕ್ಲಾಪ್ಟನ್ ನಾದಕ್ಕೆ ಆಂಪನ್ನು ಜೆಟಿಎಂ45ಕ್ಕೆ ಬದಲಿಸಿ, ಮಿಡ್ಲ್ ಅಲ್ಲೇ ಬಿಟ್ಟು, ವಾಲ್ಯೂಮನ್ನು 8ರಾಚೆಗೆ ಒಯ್ಯಿರಿ. ಆ ಆಂಪಿನಲ್ಲಿ ವಿದ್ಯುತ್ತನ್ನು ನೇರಗೊಳಿಸುವುದಕ್ಕೂ ವಾಲ್ವನ್ನೇ ಇಟ್ಟಿದ್ದರು. ಜೋರಾಗಿ ಮೀಟಿದಾಗ ಅದು ಕ್ಷಣಕಾಲ ಬಳಲಿ ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರ ಮೊದಲು ಒಂದಿಷ್ಟು ಕುಗ್ಗಿ ನಂತರ ಉಬ್ಬುವಂತೆ ಕೇಳುವುದು ಅದರಿಂದ.

ಇಷ್ಟೆಲ್ಲ ಆದಮೇಲೂ ಮುಖ್ಯವಾದ ನಾಬ್ ಆಂಪಿನಲ್ಲಿಲ್ಲ, ಗಿಟಾರಿನ ಮೇಲಿದೆ. ಅಂದಿನ ವಾದಕರು ಹಾಡಿನ ನಡುವೆ ಆಂಪಿನ ಬಳಿ ಹೋಗುತ್ತಿರಲಿಲ್ಲ. ಗಿಟಾರಿನ ವಾಲ್ಯೂಮ್ 6ಕ್ಕೆ ಇಳಿಸಿದರೆ ಚರಣಕ್ಕೆ ಬೇಕಾದ ತಿಳಿಯಾದ ದನಿ, 8ಕ್ಕೆ ಏರಿಸಿದರೆ ಅಂಚು ಹರಿದ ಲಯವಾದನ, 10ಕ್ಕೆ ಒಯ್ದರೆ ಸೋಲೊ. ಕ್ರೀಮ್ ತಂಡದಲ್ಲಿದ್ದಾಗ ಕ್ಲಾಪ್ಟನ್ ಗಿಟಾರಿನ ಟೋನ್ ನಾಬನ್ನು ಪೂರ್ತಿ ಇಳಿಸಿ, ವಾಲ್ಯೂಮನ್ನು ಪೂರ್ತಿ ಏರಿಸಿ ನುಡಿಸಿದ ಕೊಳಲಿನಂಥ ನಾದಕ್ಕೆ ‘ವುಮನ್ ಟೋನ್’ ಎಂದೇ ಹೆಸರಾಯಿತು. 1967ರ ‘ಸನ್‌ಶೈನ್ ಆಫ್ ಯುವರ್ ಲವ್’ ಕೇಳಿದರೆ ಗೊತ್ತಾಗುತ್ತದೆ. ಗಿಟಾರಿನ ವಾಲ್ಯೂಮ್ ಇಳಿಸಿದಾಗ ನಿಮ್ಮ ಆಂಪ್ ತಿಳಿಯಾಗದೆ ಬರೀ ಸಣ್ಣಗಾದರೆ, ಗೇನ್ ಅತಿಯಾಗಿದೆ ಎಂದೇ ಅರ್ಥ. ದಯವಿಟ್ಟು ಈ ಒಂದು ಅಭ್ಯಾಸ ರೂಢಿಸಿಕೊಳ್ಳಿ. ಸಾವಿರಾರು ರೂಪಾಯಿಯ ಪೆಡಲ್‌ಗಳು ಮಾಡದ ಕೆಲಸವನ್ನು ಈ ಪುಟ್ಟ ನಾಬ್ ಮಾಡುತ್ತದೆ.

ಮಾರ್ಷಲ್‌ಗಿಂತ ಮೊದಲೇ ಇಂಗ್ಲೆಂಡಿನಲ್ಲಿ ವೋಕ್ಸ್ ಇತ್ತು. ಕೆಂಟ್ ಪ್ರಾಂತ್ಯದ ಡಾರ್ಟ್‌ಫರ್ಡ್‌ನಲ್ಲಿ ಟಾಮ್ ಜೆನ್ನಿಂಗ್ಸ್ ಅವರ ಕಂಪನಿ, ಡಿಕ್ ಡೆನ್ನಿ ಅವರ ವಿನ್ಯಾಸ. ಮೊದಲು 15 ವಾಟಿನ ಎಸಿ15, ಅದು ಸಾಲದಾದಾಗ ಅರವತ್ತರ ದಶಕದ ಹೊಸ್ತಿಲಲ್ಲಿ ಎಸಿ30. ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್‌ರಿಂದ ಬೀಟಲ್ಸ್‌ವರೆಗೆ ಎಲ್ಲರ ಹಿಂದೆ ಅದೇ. ಇದರ ನಾಲ್ಕು ಇಎಲ್84 ವಾಲ್ವುಗಳಿಗೆ ನೆಗೆಟಿವ್ ಫೀಡ್‌ಬ್ಯಾಕ್ ಎಂಬ ಲಗಾಮು ಇಲ್ಲ. ಹಾಗಾಗಿ ತಿಳಿನಾದದಿಂದ ಒಡೆದ ನಾದಕ್ಕೆ ದಾಟುವುದು ಥಟ್ಟನೆ ಆಗದೆ, ಬೆರಳಿನ ಒತ್ತಡಕ್ಕೆ ತಕ್ಕಂತೆ ಮೆಲ್ಲಮೆಲ್ಲನೆ ಆಗುತ್ತದೆ. ಎಸಿ30ರ ಟಾಪ್ ಬೂಸ್ಟ್ ಚಾನೆಲ್ಲಿನಲ್ಲಿ ಮಿಡ್ಲ್ ನಾಬೇ ಇಲ್ಲ. ಬೇಸ್, ಟ್ರೆಬಲ್ ಎರಡನ್ನೂ ಏರಿಸಿದರೆ ಮಧ್ಯ ಕುಸಿಯುತ್ತದೆ, ಎರಡನ್ನೂ ಇಳಿಸಿದರೆ ಮಧ್ಯ ಎದ್ದು ನಿಲ್ಲುತ್ತದೆ. ಕೊನೆಯಲ್ಲಿರುವ ‘ಕಟ್’ ನಾಬ್ ಹೆಸರಿಗೆ ತಕ್ಕಂತೆ ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಕಡಿಯುತ್ತದೆ. ಅಭ್ಯಾಸಬಲದಿಂದ ಉಲ್ಟಾ ತಿರುಗಿಸುವವರೇ ಹೆಚ್ಚು.

ಕ್ವೀನ್ ತಂಡದ ಬ್ರಯಾನ್ ಮೇ ಈ ಆಂಪನ್ನು ಬಳಸುವ ಕ್ರಮ ಬಲು ಸರಳ, ಅದಕ್ಕೇ ನನಗೆ ಅಚ್ಚುಮೆಚ್ಚು. ಟೋನ್ ನಾಬ್‌ಗಳ ಗೊಡವೆಯಿಲ್ಲದ ನಾರ್ಮಲ್ ಚಾನೆಲ್, ಪೂರ್ತಿ ಏರಿಸಿದ ವಾಲ್ಯೂಮ್, ಮುಂದೆ ಒಂದು ಟ್ರೆಬಲ್ ಬೂಸ್ಟರ್ ಪೆಡಲ್. ಐರ್ಲೆಂಡಿನ ರೋರಿ ಗ್ಯಾಲಗರ್ ಅವರಿಂದ ಈ ಜೋಡಣೆ ಕಲಿತದ್ದಾಗಿ ಮೇ ಅವರೇ ಹೇಳಿಕೊಂಡಿದ್ದಾರೆ. ಬೂಸ್ಟರ್ ಟ್ರೆಬಲ್ ಹೆಚ್ಚಿಸಿದರೆ ನಾದ ಇನ್ನೂ ಚೂಪಾಗಬೇಕಲ್ಲವೇ? ಆಗುವುದಿಲ್ಲ. ಬೇಸನ್ನು ಮೊದಲೇ ಜಾಲಿಸಿ ಮಧ್ಯ ಮತ್ತು ಮೇಲಿನ ಸ್ವರಗಳನ್ನಷ್ಟೇ ಬಲವಾಗಿ ವಾಲ್ವಿಗೆ ತಳ್ಳಿದಾಗ, ಆ ಸ್ವರಗಳೇ ಒಡೆದು ದುಂಡಗಾಗುತ್ತವೆ. ವಯೊಲಿನ್ ಕಮಾನು ಎಳೆದಂಥ ಆ ನಾದದ ಗುಟ್ಟು ಅಲ್ಲಿದೆ. ಮೇ ತಮ್ಮ ತಂದೆ ಹೆರಾಲ್ಡ್ ಜೊತೆ ಸೇರಿ 1963ರಲ್ಲಿ ಮನೆಯಲ್ಲೇ ಕೆತ್ತಲು ಶುರುಮಾಡಿದ ‘ರೆಡ್ ಸ್ಪೆಷಲ್’ ಗಿಟಾರಿನ ಕತ್ತು ಹಳೆಯ ಬೆಂಕಿಗೂಡಿನ ಮರದ್ದು. ಮೀಟುವುದು ಆರು ಪೆನ್ಸ್ ನಾಣ್ಯದಿಂದ. ಅದರ ಗರಗಸದಂಥ ಅಂಚು ತಂತಿಗೆ ತಾಗಿದಾಗ ಪ್ರತಿ ಸ್ವರದ ಆರಂಭದಲ್ಲೂ ಒಂದು ಸಣ್ಣ ಕರಕರ. ಸಾಫ್ಟ್‌ವೇರಿನಲ್ಲಿ ಇದನ್ನು ಮಾಡುವವರು ಟ್ರೆಬಲ್ ಬೂಸ್ಟರನ್ನು ಬಿಟ್ಟು ಬೇರೆ ಡಿಸ್ಟಾರ್ಶನ್ ಪೆಡಲ್ ಇಟ್ಟರೆ ಎಷ್ಟು ನಾಬ್ ತಿರುಗಿಸಿದರೂ ಹತ್ತಿರ ಹೋಗಲಾರರು.

ಇಂಥದ್ದೇ ಬೂಸ್ಟರನ್ನು ಬರ್ಮಿಂಗ್‌ಹ್ಯಾಮಿನ ಟೋನಿ ಐಯೋಮಿ ತಮ್ಮೂರಿನದೇ ಆದ ಲೇನಿ ಆಂಪಿನ ಮುಂದೆ ಇಟ್ಟಾಗ ಬ್ಲ್ಯಾಕ್ ಸಬ್ಬತ್ ತಂಡದ ನಾದ ಹುಟ್ಟಿತು. ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ ಎಡಗೈ ವಾದಕ ಅವರು. ನೋವಾಗದಿರಲೆಂದು ತೆಳುವಾದ ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಅಷ್ಟು ಭಾರದ ನಾದದಲ್ಲೂ ಬೇಸ್ ನಾಬ್ ತಗ್ಗಿನಲ್ಲೇ ಇರಬೇಕು. ಆ ಭಾರದಲ್ಲಿ ದೊಡ್ಡ ಪಾಲು ಅದೇ ತಂಡದ ಗೀಝರ್ ಬಟ್ಲರ್ ಅವರ ಬೇಸ್ ಗಿಟಾರಿನದು.

ಎಲ್ಲ ಬ್ರಿಟಿಷ್ ಆಂಪೂ ಒಡೆಯಲೆಂದೇ ಹುಟ್ಟಿದ್ದಲ್ಲ. ಡೇವ್ ರೀವ್ಸ್ ಕಟ್ಟಿದ ಹೈವಾಟ್ ಕಂಪನಿಯ 100 ವಾಟಿನ ಡಿಆರ್103 ಒಡೆಯಲು ಒಪ್ಪುವುದೇ ಇಲ್ಲ ಎನ್ನಬಹುದು. ಒಳಗಿನ ತಂತಿಜೋಡಣೆ ಸೇನಾ ಉಪಕರಣದಷ್ಟು ಅಚ್ಚುಕಟ್ಟು. 1970ರ ಫೆಬ್ರುವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಸಭಾಂಗಣದಲ್ಲಿ ದ ಹೂ ತಂಡ ನುಡಿಸಿದ್ದನ್ನು ‘ಲೈವ್ ಅಟ್ ಲೀಡ್ಸ್’ನಲ್ಲಿ ಕೇಳಿ. ಟೌನ್ಶೆಂಡ್ ಅವರ ಹಿಂದಿದ್ದದ್ದು ಹೈವಾಟ್. ಅಲ್ಲಿ ಕೇಳುವ ಬಿರುಸು ಬಲಗೈಯದು, ನಾಬಿನದಲ್ಲ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್ ಅದೇ ಆಂಪನ್ನು ಬೇರೆ ರೀತಿ ಬಳಸಿದರು: ಆಂಪ್ ಪೂರ್ತಿ ತಿಳಿ, ಮೂರೂ ಟೋನ್ ನಾಬ್ ನಡುವಿನ ಆಸುಪಾಸು, ಒಡೆಯುವ ಕೆಲಸವೆಲ್ಲ ಫಝ್ ಫೇಸ್ ಅಥವಾ ಬಿಗ್ ಮಫ್ ಪೆಡಲಿನದು, ಅದರ ಮುಂದಕ್ಕೆ ತಿರುಗುವ ಕಾಂತೀಯ ಚಕ್ರದ ಮೇಲೆ ದನಿ ಬರೆದು ಮರುನುಡಿಸುವ ಇಟಲಿಯ ಬಿನ್‌ಸನ್ ಎಕೊರೆಕ್. ಇಲ್ಲಿ ಪೆಡಲಿನ ಗೇನನ್ನು ಪ್ಲೆಕ್ಸಿಯಷ್ಟು ಬಿಗಿಹಿಡಿಯಬೇಕಿಲ್ಲ, ಏಕೆಂದರೆ ನುಡಿಸುವುದು ಒಂಟಿ ಸ್ವರಗಳನ್ನು. ಈಗಾಗಲೇ ಒಡೆಯುತ್ತಿರುವ ಆಂಪಿಗೆ ಫಝ್ ಸೇರಿಸಿ ಗಿಲ್ಮರ್ ನಾದ ಹುಡುಕುವವರು ದಾರಿ ತಪ್ಪುವುದು ಇಲ್ಲೇ.

ಮನೆಯಲ್ಲಿ ಇದನ್ನೆಲ್ಲ ಮಾಡುವುದು ಹೇಗೆ? ಅಪಾರ್ಟ್‌ಮೆಂಟಿನಲ್ಲಿ 100 ವಾಟಿನ ಪ್ಲೆಕ್ಸಿಯನ್ನು 8ಕ್ಕೆ ಇಡಲು ಆಗದು. ವಾಟ್ ಕಡಿಮೆಯಾದರೆ ಸಾಕಲ್ಲ ಎನ್ನಿಸಬಹುದು, ಆದರೆ ಕಿವಿಯ ಲೆಕ್ಕ ಬೇರೆ. 100 ವಾಟಿನಿಂದ 50ಕ್ಕೆ ಇಳಿದರೆ 3 ಡೆಸಿಬೆಲ್ ಮಾತ್ರ ಕಡಿಮೆ, ಕಿವಿಗೆ ಅರ್ಧದಷ್ಟು ಅನ್ನಿಸಬೇಕಾದರೆ 10 ವಾಟಿಗೆ ಇಳಿಯಬೇಕು. ಒಳ್ಳೆಯ 12 ಇಂಚಿನ ಗಿಟಾರ್ ಸ್ಪೀಕರ್ ಒಂದೇ ವಾಟಿಗೆ ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್‌ಗೂ ಹೆಚ್ಚು ಸದ್ದು ಮಾಡುತ್ತದೆ. ವಾಲ್ವ್ ಆಂಪ್ ಇದ್ದವರು ಸ್ಪೀಕರಿಗೂ ಆಂಪಿಗೂ ನಡುವೆ ದನಿ ತಗ್ಗಿಸುವ ಅಟೆನ್ಯುಯೇಟರ್ ಇಟ್ಟುಕೊಳ್ಳುತ್ತಾರೆ. ಸ್ಪೀಕರನ್ನೇ ಕಳಚಿ ವಾಲ್ವ್ ಆಂಪ್ ಚಾಲೂ ಮಾಡುವ ಸಾಹಸ ಮಾತ್ರ ಬೇಡ, ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಮುಚ್ಚಳ ತೆರೆಯುವುದೂ ಬೇಡ. ಒಳಗೆ 400 ವೋಲ್ಟ್ ಮೀರಿದ ವಿದ್ಯುತ್ ಇದ್ದು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ.

ಹೆಚ್ಚಿನವರ ಬಳಿ ಈಗ ಇರುವುದು ಮಾಡೆಲಿಂಗ್ ಆಂಪ್ ಅಥವಾ ಲ್ಯಾಪ್‌ಟಾಪಿನ ಸಾಫ್ಟ್‌ವೇರ್. ಅದರಲ್ಲಿ ವಾಲ್ಯೂಮನ್ನು ಧೈರ್ಯವಾಗಿ 8ಕ್ಕೆ ಒಯ್ಯಬಹುದು, ಹೆಡ್‌ಫೋನಿನಲ್ಲಿ ಬೇಕಾದಷ್ಟೇ ಕೇಳಬಹುದು. ಎರಡು ಎಚ್ಚರ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ದನಿಯನ್ನು ಕಡಿದುಬಿಡುತ್ತದೆ. ಸಾಫ್ಟ್‌ವೇರಿನಲ್ಲಿ ಸ್ಪೀಕರ್ ಪೆಟ್ಟಿಗೆಯ ಭಾಗವನ್ನು ಆಫ್ ಮಾಡಿದರೆ ಆ ತಡೆ ಹೋಗಿ ಜೇನ್ನೊಣದ ಗುಂಪು ಎದ್ದಂತೆ ಕೇಳುತ್ತದೆ. ಆಂಪ್ ಆಯ್ದುಕೊಳ್ಳುವಷ್ಟೇ ನಿಗಾ ಕೊಟ್ಟು ಪೆಟ್ಟಿಗೆಯನ್ನೂ ಆಯ್ದುಕೊಳ್ಳಿ: ಮಾರ್ಷಲ್‌ಗೆ ನಾಲ್ಕು 12 ಇಂಚಿನ ‘ಗ್ರೀನ್‌ಬ್ಯಾಕ್’, ವೋಕ್ಸ್‌ಗೆ ಎರಡು ‘ಸೆಲೆಶನ್ ಬ್ಲೂ’. ಇನ್ನೊಂದು, ಸಣ್ಣ ದನಿಯಲ್ಲಿ ಮನುಷ್ಯನ ಕಿವಿಗೆ ಬೇಸ್ ಮತ್ತು ಟ್ರೆಬಲ್ ಕಡಿಮೆ ಕೇಳುತ್ತವೆ. ಅದನ್ನು ಸರಿದೂಗಿಸಲು ಕೈ ತಾನಾಗಿ ಆ ಎರಡನ್ನೂ ಏರಿಸಿ ಮಿಡ್ಲ್ ಇಳಿಸುತ್ತದೆ. ಒಂಟಿಯಾಗಿ ಕೇಳಲು ಅದು ಭರ್ಜರಿ. ಡ್ರಮ್ಸ್, ಬೇಸ್ ಗಿಟಾರ್ ಸೇರಿದೊಡನೆ ನಿಮ್ಮ ಗಿಟಾರ್ ಎಲ್ಲಿ ಹೋಯಿತೆಂದು ಹುಡುಕಬೇಕು. ತಳವನ್ನು ಬೇಸ್ ಗಿಟಾರ್ ಹಿಡಿದಿರುತ್ತದೆ, ತುದಿಯನ್ನು ಸಿಂಬಲ್ ಹಿಡಿದಿರುತ್ತದೆ, ಗಿಟಾರಿಗೆ ಉಳಿದ ಜಾಗ ನಡುವಿನದೇ. ಹಾಗಾಗಿ ಸೆಟ್ಟಿಂಗ್ ಮಾಡುವಾಗ ಮೂಲ ಹಾಡನ್ನೋ ಡ್ರಮ್ಸ್ ಟ್ರ್ಯಾಕನ್ನೋ ಜೊತೆಗೆ ಹಾಕಿಕೊಂಡೇ ಮಾಡಿ.

ದೊಡ್ಡ ನಾದಕ್ಕೆ ದೊಡ್ಡ ಆಂಪೇ ಬೇಕು ಎಂಬ ನಂಬಿಕೆಯನ್ನು ರೆಕಾರ್ಡಿಂಗಿನ ಇತಿಹಾಸ ಒಪ್ಪುವುದಿಲ್ಲ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಪುಟ್ಟ ಎಲ್ಪಿಕೊ ಆಂಪಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ, ಅದನ್ನು ವೋಕ್ಸ್‌ಗೆ ಜೋಡಿಸಿ ‘ಯು ರಿಯಲಿ ಗಾಟ್ ಮಿ’ಯ ದನಿ ಪಡೆದರು. ಕ್ವೀನ್‌ನ ಬೇಸ್ ವಾದಕ ಜಾನ್ ಡೀಕನ್ ಬೀದಿಯ ಕಸದ ತೊಟ್ಟಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರ್ ಸರ್ಕ್ಯೂಟನ್ನು ಪುಸ್ತಕದ ಕಪಾಟಿನ ಸ್ಪೀಕರ್ ಪೆಟ್ಟಿಗೆಯೊಂದಕ್ಕೆ ಸೇರಿಸಿ ಬ್ಯಾಟರಿಯಲ್ಲಿ ಓಡುವ ಆಂಪ್ ಮಾಡಿಕೊಟ್ಟರು. ಬ್ರಯಾನ್ ಮೇ ಪದರ ಪದರವಾಗಿ ಕಟ್ಟಿದ ಗಿಟಾರ್ ವಾದ್ಯವೃಂದದ ಎಷ್ಟೋ ಸ್ವರಗಳು ಅದರಿಂದ ಬಂದವು. 1968ರಲ್ಲಿ ಲಂಡನ್ನಿನ ಬಾರ್ನ್ಸ್‌ನಲ್ಲಿದ್ದ ಒಲಿಂಪಿಕ್ ಸ್ಟುಡಿಯೊದಲ್ಲಿ ಲೆಡ್ ಝೆಪೆಲಿನ್‌ನ ಮೊದಲ ಆಲ್ಬಮ್ ಮುದ್ರಣವಾದಾಗ ಪೇಜ್ ಮುಖ್ಯವಾಗಿ ನುಡಿಸಿದ್ದು ಫೆಂಡರ್ ಟೆಲಿಕಾಸ್ಟರ್ ಗಿಟಾರು, ಸುಪ್ರೊ ಎಂಬ ಸಣ್ಣ ಅಮೆರಿಕನ್ ಆಂಪು. ಬೆಟ್ಟದಷ್ಟು ದೊಡ್ಡದಾಗಿ ಕೇಳುವ ಆ ನಾದಕ್ಕೆ ಮೈಕ್ ಇಟ್ಟ ಜಾಗವೂ ಕಾರಣ. ಪೇಜ್ ಆಂಪಿನ ಹತ್ತಿರ ಒಂದು ಮೈಕ್ ಇಟ್ಟರೆ ದೂರದಲ್ಲಿ ಇನ್ನೊಂದು ಇಡುತ್ತಿದ್ದರು, ಕೋಣೆಯ ಗೋಡೆಗಳಿಗೆ ತಾಗಿ ಬಂದ ದನಿಯನ್ನೂ ಬೆರೆಸುತ್ತಿದ್ದರು. ಇಂದಿನ ಬಹುಪಾಲು ಸಾಫ್ಟ್‌ವೇರಿನಲ್ಲಿ ಎರಡನೆಯ ಮೈಕನ್ನು ಹೀಗೆ ಹಿಂದಕ್ಕೆ ಸರಿಸುವ ಸೌಲಭ್ಯವಿದೆ. ಹತ್ತಿರದ ಮೈಕಿನ ದನಿಯ ಅಡಿಗೆ ದೂರದ ಮೈಕಿನ ದನಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಹೋಗಿ. ನಾದ ಅಗಲವಾಗುತ್ತಿದ್ದಂತೆ ಗೇನನ್ನು ಇನ್ನೂ ಒಂದು ಗೆರೆ ಇಳಿಸಲು ಧೈರ್ಯ ಬರುತ್ತದೆ.